ಟೇಪು ಹಿಡಿದ ಸಾಹೇಬರು

"ಬಂದ ನೋಡು," ಎಂದು ಅಡವಿಯಪ್ಪ ಇಡ್ಲಿಯನ್ನು ಅರ್ಧಕ್ಕೇ ಬಿಟ್ಟು ಪಿಸುಗುಟ್ಟಿದ. "ಇವತ್ತಿಗೆ ಏಳನೇ ದಿನ. ನಿನ್ ಅಂಗಡಿ ಕಥೆ ಮುಗೀತು ಕಣಕ್ಕ."

ಶಿವರುದ್ರಮ್ಮ ಚಟ್ನಿ ಬಕೆಟ್ಟಿಗೆ ಒಗ್ಗರಣೆ ಸುರಿದಳು.

ಬಂದವರು ಇನ್‌ಶರ್ಟ್ ಮಾಡಿದ್ದರು. ಕಂಕುಳಲ್ಲಿ ದಪ್ಪ ಫೈಲು, ಕೈಯಲ್ಲಿ ಅಳತೆಯ ಟೇಪು. ವಯಸ್ಸು ಚಿಕ್ಕದು, ಮುಖ ಮಾತ್ರ ಗಂಭೀರ. ಯಾವ ಇಲಾಖೆ ಎಂದು ಯಾರೂ ಕೇಳಲಿಲ್ಲ. ಉಪ್ಪಾರಹಳ್ಳಿ ಬಡಾವಣೆಯ ಆ ಹಿಂದಿನ ಗಲ್ಲಿಗೆ ಅಂಥವರನ್ನು ಪ್ರಶ್ನೆ ಕೇಳುವ ರೂಢಿಯೇ ಇರಲಿಲ್ಲ. ಮೊದಲ ದಿನವೇ ಎಲ್ಲರೂ ಸಾಹೇಬರೆಂದು ಕರೆದರು, ಅವರೂ ಬೇಡವೆನ್ನಲಿಲ್ಲ.

ನಗರವನ್ನು ಚಂದ ಮಾಡುವ ಯೋಜನೆ ಗಲ್ಲಿಗೆ ಕಾಲಿಟ್ಟು ಎರಡು ವರ್ಷವಾಗಿತ್ತು. 'ಸ್ಥಳೀಯರಿಗೆ ಉದ್ಯೋಗ' ಎಂದು ಬೋರ್ಡು ಹಾಕಿದ್ದರು. ಸಿಕ್ಕ ಉದ್ಯೋಗವೆಂದರೆ ಗುಂಡಿ ದಾಟುವುದು. ಒಬ್ಬರು ಡಾಂಬರು ಹಾಕಿದರೆ ಇನ್ನೊಬ್ಬರು ಪೈಪಿಗೆಂದು ಅಗೆದರು, ಮತ್ತೊಬ್ಬರು ಕೇಬಲ್ಲಿಗೆಂದು ಕೆದಕಿದರು. ತಪ್ಪು ಯಾರದೆಂಬ ಪತ್ರ ವ್ಯವಹಾರ ಇನ್ನೂ ಮುಗಿದಿರಲಿಲ್ಲ. ಆಮೇಲೆ ಎಲ್ಲ ಇಲಾಖೆಗಳೂ ಒಂದು ಪಾಠ ಕಲಿತವು: ಒಬ್ಬರ ಟೇಪು ನೆಲದ ಮೇಲಿರುವಾಗ ಇನ್ನೊಬ್ಬರು ಗುದ್ದಲಿ ಎತ್ತಬಾರದು.

ಈಗ ಉಳಿದಿದ್ದು ಫುಟ್‌ಪಾತು. ಅದರ ಗೆರೆ ಶಿವರುದ್ರಮ್ಮನ ತಗಡಿನ ಇಡ್ಲಿ ಅಂಗಡಿಯ ನಟ್ಟನಡುವೆ ಹಾದುಹೋಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಅವಳನ್ನೂ ಮಗಳನ್ನೂ ಸಾಕಿದ್ದು ಆ ಅಂಗಡಿ. ಅಂಗಡಿ ತೆಗೆಯಬೇಕೆಂಬ ನೋಟಿಸು ಓದಿಸಿಕೊಂಡ ದಿನ ಅವಳು ಗಲ್ಲಿಗೆಲ್ಲ ಕೇಳುವಂತೆ ಅತ್ತಿದ್ದಳು. ಅಂಗಡಿ ಹೋದರೆ ಗಲ್ಲಿಯ ಕೆಲಸವಿಲ್ಲದವರ ಪಟ್ಟಿಗೆ ಇನ್ನೊಂದು ಹೆಸರು ಸೇರುತ್ತಿತ್ತು.

ಆ ಪಟ್ಟಿಯ ಮೊದಲ ಹೆಸರು ಅಡವಿಯಪ್ಪನದು. ಅವನು ದುಡಿಯುತ್ತಿದ್ದ ಅಕ್ಕಿ ಗಿರಣಿ ಮುಚ್ಚಿದಾಗಿನಿಂದ ಅಂಗಡಿಯ ಬೆಂಚೇ ಅವನ ಕಚೇರಿ, ಹೋಗಿಬರುವವರ ಮೇಲೆ ಕಣ್ಣಿಡುವುದೇ ಕೆಲಸ. ಒಂದು ದಿನವೂ ರಜೆ ಹಾಕಿದವನಲ್ಲ.

ಸಾಹೇಬರು ಟೇಪು ಬಿಚ್ಚಿ ಅಂಗಡಿಯ ಮೂಲೆಯಿಂದ ಚರಂಡಿಯವರೆಗೆ ಅಳೆದರು. ಬರೆದುಕೊಂಡರು. ಬೇವಿನ ಮರದಡಿ ಕುಳಿತು ಸುಧಾರಿಸಿಕೊಂಡರು. ಅರ್ಧ ಗಂಟೆ ಬಿಟ್ಟು ಅದೇ ಜಾಗವನ್ನು ಮತ್ತೆ ಅಳೆದರು. ಸರ್ಕಾರಿ ಅಳತೆ ಹೀಗೇ ಇರುತ್ತದೆಂದು ಗಲ್ಲಿ ಒಪ್ಪಿಕೊಂಡಿತ್ತು.

ತಿಂಡಿಯ ತಟ್ಟೆ ತಾನಾಗಿಯೇ ಅವರ ಮುಂದೆ ಬಂತು. ನಾಲ್ಕು ಇಡ್ಲಿ, ಎರಡು ವಡೆ. ಅದೂ ಎಲ್ಲರಿಗೂ ಅರ್ಥವಾಗುವಂಥದ್ದೇ. ಅರ್ಥವಾಗದ್ದು ಶಿವರುದ್ರಮ್ಮನ ನಾಲಿಗೆ.

"ಇವತ್ತು ಅರ್ಧ ಗಂಟೆ ಲೇಟು ಸಾರ್," ಎಂದಳು.

"ಚೇಳೂರು ಬಸ್ ಮಿಸ್ ಆಯ್ತಮ್ಮ," ಎಂದು ಸಾಹೇಬರು ತಲೆ ಕೆರೆದುಕೊಂಡರು.

ಅಡವಿಯಪ್ಪ ತಟ್ಟೆ ಕೆಳಗಿಟ್ಟು ಎದ್ದ. ಅವಳನ್ನು ಒಲೆಯ ಹಿಂದಕ್ಕೆ ಕರೆದು, "ಅವ್ರನ್ನ ಎದುರು ಹಾಕ್ಕೋಬೇಡ ಕಣಕ್ಕ, ನಿನ್ ಕಾಲಿಗ್ ಬೀಳ್ತೀನಿ," ಎಂದ.

ಆಮೇಲೆ ಹಾಳಾದದ್ದನ್ನು ಸರಿಪಡಿಸಲು ತಾನೇ ಹೋಗಿ ಕೈಮುಗಿದು ನಿಂತ. "ಸಾರ್, ಯೋಜನೇಲಿ ನಂಗೂ ಒಂದ್ ಕೆಲ್ಸ ಕೊಡ್ಸಿ. ಮೂರ್ ಸಲ ಅರ್ಜಿ ಹಾಕಿದೀನಿ."

ಸಾಹೇಬರು ಅವನತ್ತ ನೋಡಿದರು. ಕಣ್ಣಲ್ಲಿ ನಿಜವಾದ ಮರುಕವಿತ್ತು. "ಕೆಲ್ಸ ಸಿಗೋದು ಎಷ್ಟ್ ಕಷ್ಟ ಅಂತ ನಂಗ್ ಗೊತ್ತು ಅಣ್ಣ," ಎಂದರು.

ಅಣ್ಣ ಎಂದಿದ್ದಕ್ಕೆ ಅಡವಿಯಪ್ಪ ಕರಗಿಹೋದ. ಕಚೇರಿಯಲ್ಲಿ ಕೂತು ಎಷ್ಟು ಸಾವಿರ ಅರ್ಜಿ ನೋಡಿರಬೇಕು, ಪಾಪ.

ಹೊರಡುವಾಗ ಸಾಹೇಬರು ಮೆಲ್ಲಗೆ, "ನಾಳೆ ಬರೋಕಾಗಲ್ಲಮ್ಮ. ನಮ್ ಕಡೇಲಿ ಮದುವೆ ಇದೆ," ಎಂದರು.

ಬೇರೆ ಯಾರೇ ಆಗಿದ್ದರೂ ಪೀಡೆ ಒಂದು ದಿನ ತಪ್ಪಿತೆಂದು ದೇವರಾಯನದುರ್ಗದ ದೇವರ ಕಡೆ ತಿರುಗಿ ಕೈಮುಗಿಯುತ್ತಿದ್ದರು. ಶಿವರುದ್ರಮ್ಮನ ಮುಖ ಕೆಂಪಾಯಿತು. "ಅದೆಲ್ಲ ಆಗಲ್ಲ ಸಾರ್. ನಾಳೆ ಬರ್ಲೇಬೇಕು."

ಸಾಹೇಬರು ತಲೆಬಾಗಿಸಿ ಆಯಿತೆಂದರು. ಹೆದರಿಕೆಗೆ ಇವಳ ತಲೆಯೇ ಕೆಟ್ಟಿದೆಯೆಂದು ಅಡವಿಯಪ್ಪನಿಗೆ ಖಾತ್ರಿಯಾಯಿತು.

ಮರುದಿನ ಹನ್ನೊಂದಕ್ಕೆ ಜೆಸಿಬಿ ಬಂತು. ಜೊತೆಗೆ ನಾಲ್ಕು ಆಳು, ಹೆಲ್ಮೆಟ್ ಹಾಕಿದ ಒಬ್ಬ ಇಂಜಿನಿಯರು. ಶಿವರುದ್ರಮ್ಮ ಸೌಟು ಹಿಡಿದು ನಿಂತಲ್ಲೇ ನಿಂತಳು. ಅಡವಿಯಪ್ಪ ಇಡ್ಲಿ ಪಾತ್ರೆಗಳನ್ನಾದರೂ ಉಳಿಸೋಣವೆಂದು ಒಂದೊಂದಾಗಿ ಹೊರಗೆ ತಂದಿಡತೊಡಗಿದ.

ಇಂಜಿನಿಯರು ಮಾತ್ರ ಅಂಗಡಿಯನ್ನು ನೋಡುತ್ತಿರಲಿಲ್ಲ. ಅದರ ಮುಂದೆ ಉದ್ದಕ್ಕೂ ಬಿದ್ದಿದ್ದ ಹಳದಿ ಟೇಪನ್ನು ನೋಡುತ್ತಿದ್ದ.

"ತಾವು ಯಾವ ಇಲಾಖೆ ಸಾರ್?" ಎಂದು ಬೇವಿನ ಮರದಡಿ ಕುಳಿತಿದ್ದ ಸಾಹೇಬರನ್ನು ಕೇಳಿದ.

ಸಾಹೇಬರು ಫೈಲಿನಿಂದ ನಿಧಾನವಾಗಿ ಮುಖವೆತ್ತಿದರು. "ನೀವು ಯಾವ್ದು? ಲೆಟರ್ ತಂದಿದೀರಾ?"

"ನಮಗೆ ಯಾರೂ ಹೇಳ್ಲೇ ಇಲ್ಲ..."

"ಅಳತೆ ಇನ್ನೂ ಮುಗಿದಿಲ್ಲ. ಇದ್ರ ಮೇಲೆ ಜೆಸಿಬಿ ಹತ್ತಿಸ್ತೀನಿ ಅಂದ್ರೆ ಹತ್ತಿಸಿ. ನಿಮ್ ಹೆಸರು, ಡೆಸಿಗ್ನೇಶನ್ ಹೇಳಿ, ಬರ್ಕೋತೀನಿ."

ಪೆನ್ನಿನ ಮುಚ್ಚಳ ತೆಗೆದ ಸದ್ದಿಗೇ ಇಂಜಿನಿಯರು ಎರಡು ಹೆಜ್ಜೆ ಹಿಂದೆ ಸರಿದ. "ಬೇಡ ಬಿಡಿ ಸಾರ್. ನಿಮ್ದು ಮುಗೀಲಿ, ಆಮೇಲ್ ನೋಡೋಣ."

ಜೆಸಿಬಿ ರಿವರ್ಸ್‌ನಲ್ಲೇ ಗಲ್ಲಿಯ ಉದ್ದಕ್ಕೂ ಹೋಯಿತು. ಅಡವಿಯಪ್ಪ ಪಾತ್ರೆಗಳನ್ನು ಮತ್ತೆ ಒಳಗೆ ಸಾಗಿಸಿದ. ಆದರೂ ಅವನ ಮನಸ್ಸಿಗೆ ಸಮಾಧಾನವಿಲ್ಲ. "ಇವ್ರ ಅಳತೆ ಮುಗಿದ ದಿನ ಏನ್ ಮಾಡ್ತೀಯ ಅಕ್ಕ?"

"ಮುಗಿದಾಗ ನೋಡ್ಕೊಂಡ್ರಾಯ್ತು ಬುಡು," ಎಂದು ಅವಳು ಅವನನ್ನು ಮನೆಗೆ ಕಳಿಸಿದಳು.

ಗಲ್ಲಿ ಖಾಲಿಯಾಯಿತು. ಶಿವರುದ್ರಮ್ಮ ಉಳಿದ ವಡೆಗಳನ್ನೆಲ್ಲ ಸಾಹೇಬರ ತಟ್ಟೆಗೆ ಸುರಿದು, ಅವರ ತಲೆಯ ಮೇಲೆ ಪ್ರೀತಿಯಿಂದ ಒಂದು ಮೊಟಕಿದಳು.

"ಭಲೇ ಕಣ್ಲಾ ರವೀಶ! ಡಿಗ್ರಿ ಮಾಡ್ಕೊಂಡು ನಾಲ್ಕ್ ವರ್ಷ ಸುಮ್ನೆ ಅಲೀತಿದ್ದೆ. ಊರಿಗ್ ಹೋಗಿ ನಮ್ಮಕ್ಕಂಗೆ ಹೇಳು, ಚಿಕ್ಕಮ್ಮ ಕೊಟ್ಟ ಕೆಲ್ಸ ಇವತ್ತಿಂದ ಪರ್ಮನೆಂಟ್ ಆಯ್ತು ಅಂತ."