ಅಮೀನಬಿಯ ಎರಡು ಬಾಟಲಿ

ಗಂಡ ರಾಹುಲನ ಮಣ್ಣಿಗೆ ಬಂದಿದ್ದ ಬಳಗದವರೆಲ್ಲ ಊರಿಗೆ ಮರಳಿದ ಮೇಲಿನ ಮೊದಲ ಬೆಳಗು. ಹಾಲಿನವನು ಎಂದಿನಂತೆ ಕೂಗಿದ, ನಲ್ಲಿಗೆ ನೀರು ಬಂತು. ಪ್ರಿಯದರ್ಶಿನಿ ಕೊಡ ತುಂಬಿಟ್ಟು ಚಪ್ಪಲಿ ಮೆಟ್ಟಿದಳು.

“ಸೂತಕದ ದಿನಾ ಮುಗಿಯೂದ್ರಾಗ ಹೊಸ್ತಿಲಾ ದಾಟ್ತೀಯೇನ?” ಅತ್ತೆ ಚಂದವ್ವ ಕೇಳಿದಳು.

“ಜುಬೇರ ಫೋನ್ ಮಾಡಿದ್ದ, ಅತ್ತಿ. ಅವರ ಅವ್ವಂದು ಇವತ್ತ ಆಪರೇಶನ್. ಅವರ ರಕ್ತ ನಾವು ತಗೊಂಡೀವಿ. ಅವರಿಗೆ ಏನರೆ ಆದ್ರ?”

ಚಂದವ್ವ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. “ಹೋಗು. ರಾಹುಲನ ಮ್ಯಾಲ ಯಾರ ಋಣಾನೂ ಬ್ಯಾಡ.”

ಅಮೀನಗಡದ ಹತ್ತಿರ ಬೈಕಿನಿಂದ ಬಿದ್ದ ರಾಹುಲನನ್ನು ಬಾಗಲಕೋಟೆಯ ಆಸ್ಪತ್ರೆಗೆ ತಂದ ದಿನ, ಅವನ ಗುಂಪಿನ ರಕ್ತ ಇದ್ದದ್ದು ಎರಡೇ ಬಾಟಲಿ. ಅವನ್ನು ಜುಬೇರ ತನ್ನ ಗೆಳೆಯರಿಂದ ಕೊಡಿಸಿ ತಾಯಿ ಅಮೀನಬಿಗೆಂದು ತೆಗೆದಿರಿಸಿದ್ದ. ಇಳಕಲ್ಲಿನಲ್ಲಿ ಸೀರೆ ನೇಯುವ ಅಮೀನಬಿಗೆ ಗರ್ಭಕೋಶದಲ್ಲಿ ಗಡ್ಡೆ. ತಿಂಗಳುಗಟ್ಟಲೆ ರಕ್ತ ಹೋಗಿ ಮೈ ಬಿಳಚಿಕೊಂಡಿತ್ತು. “ನನ್ನ ಆಪರೇಶನ್ ನಾಳಿಗೆ. ಆ ಹುಡುಗಗ ಈಗ ಬೇಕು,” ಎಂದು ಆಕೆ ಬಿಟ್ಟುಕೊಟ್ಟಿದ್ದಳು. ಆಕೆಯ ಆಪರೇಶನ್ ಮುಂದೆ ಹೋಯಿತು. ರಾಹುಲ ಒಂದು ತಿಂಗಳು ಉಳಿದ. ಆಮೇಲೆ ನಂಜೇರಿತು.

ವಾರ್ಡಿನಲ್ಲಿ ಅಮೀನಬಿ ಹಸಿರು ಅಂಗಿ ತೊಟ್ಟು ಮಂಚದ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಅರಿವಳಿಕೆ ಕೊಡುವ ಡಾಕ್ಟರು ಪ್ರೇಮಕುಮಾರ. ಪ್ರಿಯದರ್ಶಿನಿ ನೇರ ಅವರ ಬಳಿ ಹೋಗಿ ಕುಪ್ಪಸದ ತೋಳು ಮಡಚಿದಳು.

“ನಂದೂ ಅದ ಗುಂಪು ಸರ್. ತಗೋರಿ.”

“ಇವರಿಗೆ ರಕ್ತ ಬೇಕಾಗಂಗಿಲ್ಲ.”

“ಅವತ್ತ ಹಿಮೋಗ್ಲೋಬಿನ್ ಏಳರ ಮ್ಯಾಲ ಇಲ್ಲ, ಎರಡು ಬಾಟ್ಲಿ ಬೇಕ ಬೇಕು ಅಂದಿದ್ರಿ?”

“ಅಂದಿದ್ವಿ. ರಕ್ತ ಕಡಿಮಿ ಇದ್ರ ಬಾಟ್ಲಿ ಹಚ್ಚೂದು, ಆಪರೇಶನ್ ಮಾಡೂದು. ಅದ ನಮ್ಮ ರೂಢಿ. ಅವತ್ತ ಬಾಟ್ಲಿ ಇರಲಿಲ್ಲ, ಏನ್ ಮಾಡೂದು? ರಕ್ತ ಹೋಗೂದು ನಿಲ್ಲಾಕ ಗುಳಿಗಿ ಕೊಟ್ವಿ, ನರದಾಗ ಕಬ್ಬಿಣದ ಔಷಧ ಬಿಟ್ವಿ, ಕಾದ್ವಿ. ಈಗ ಹನ್ನೊಂದು ದಾಟೈತಿ, ಎಲ್ಲಾ ಆಕಿದ ಸ್ವಂತ ರಕ್ತ. ಅವಸರ ಇಲ್ಲದ ಆಪರೇಶನ್ನಿಗೆ ಮೊದಲಿಂದಾನೂ ಹಿಂಗ ಮಾಡಬೇಕಿತ್ತು. ಈಗ ಎಲ್ಲಾರಿಗೂ ಹಿಂಗ ಮಾಡಾಕತ್ತೀವಿ.”

“ಡಾಕ್ಟರಗೋಳಿಗೆ ನಾ ಸಾಲಿ ಕಲಿಸೀನಿ ನೋಡವಾ,” ಎಂದಳು ಅಮೀನಬಿ. “ಫೀಸು ಮಾತ್ರ ಅವರ ತಗೋತಾರ.”

ಮಡಚಿದ ತೋಳನ್ನು ಏನು ಮಾಡಬೇಕೆಂದು ಪ್ರಿಯದರ್ಶಿನಿಗೆ ತಿಳಿಯಲಿಲ್ಲ. “ಹಂಗಾರ ನಿಮಗ ನಾ ಏನ ಕೊಡ್ಲಿ, ಅವ್ವಾರ?”

“ಏನೂ ಬ್ಯಾಡ. ಉಂಡೀಯೇನ, ಅದನ್ನ ಹೇಳು.”

ಅವಳು ಮಡಚಿದ ತೋಳನ್ನು ಕೆಳಗೆ ಎಳೆದುಕೊಂಡಳು.

“ನಿನ್ನ ಮಾರಿ ನೋಡಿದ್ರ ಬಾಟ್ಲಿ ನಿನಗ ಹಚ್ಚಬೇಕು. ಏ ಜುಬೇರ, ಆ ಕರದಂಟ ಕೊಡೋ ಇಕಿಗೆ. ಆಪರೇಶನ್ ಐತಂತ ನಾ ಉಪವಾಸ. ನೀ ಯಾಕ ಉಪವಾಸ?”

“ಸೂತಕದಾಗ ಸಿಹಿ ತಿನ್ನಂಗಿಲ್ರಿ.”

“ಇದು ಔಷಧ. ಬೇಕಾದ್ರ ಡಾಕ್ಟರನ್ನ ಕೇಳು.”

ಪ್ರೇಮಕುಮಾರ ಗಂಭೀರವಾಗಿ ತಲೆಯಾಡಿಸಿದರು. ಪ್ರಿಯದರ್ಶಿನಿ ನಿಂತಲ್ಲೇ ತಿಂದಳು. ಅಂಟು ಹಲ್ಲಿಗೆ ಹತ್ತಿಕೊಂಡಿತು. ಅದನ್ನು ಬಿಡಿಸಿಕೊಳ್ಳುತ್ತಿರುವಾಗಲೇ ಅಮೀನಬಿಯ ಮಂಚವನ್ನು ತಳ್ಳಿಕೊಂಡು ಹೋದರು.

ಅವಳು ಜುಬೇರನ ಪಕ್ಕದ ಬೆಂಚಿನಲ್ಲಿ ಕುಳಿತಳು. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಎದ್ದು ನಿಂತರು. ಕೊನೆಗೆ ಪ್ರೇಮಕುಮಾರ ಟೋಪಿ ತೆಗೆಯುತ್ತ ಹೊರಬಂದರು. “ಆರಾಮ ಅದಾರ. ಒಂದು ಹನಿನೂ ಹಚ್ಚಲಿಲ್ಲ.”

ಜುಬೇರ ಎರಡೂ ಅಂಗೈಯಿಂದ ಮುಖ ಸವರಿಕೊಂಡ. ಪ್ರಿಯದರ್ಶಿನಿ ಮೆಟ್ಟಿಲಿಳಿದು ಕೆಳಗಿನ ರಕ್ತನಿಧಿಗೆ ಹೋದಳು.

ಅಲ್ಲಿ ರಕ್ತ ತೆಗೆಯುವ ನವೀದ ಬೆರಳು ಚುಚ್ಚಿ ನೋಡಿ, ಕೊಡಬಹುದು ಎಂದ. “ಯಾವ ಪೇಶಂಟ್ ಹೆಸರಿಗೆ ಬರೀಲ್ರಿ?”

“ಹೆಸರು ಬ್ಯಾಡ್ರಿ. ನಾಳಿತನಕ ಕಾಯಾಕ ಆಗದವರು ಬಂದ್ರ, ಅವರಿಗೆ ಕೊಡ್ರಿ.”

ಮುಗಿದ ಮೇಲೆ ಅವಳು ಕೇಳಿದಳು: “ಒಂದೀಟು ಹಿಡೀಲ್ರಿ?”

ನವೀದ ಅವಳ ಮುಖ ನೋಡಿ, ತುಂಬಿದ ರಕ್ತದ ಚೀಲವನ್ನು ಅವಳ ಕೈಯಲ್ಲಿಟ್ಟ. ಅದು ಬೆಚ್ಚಗಿತ್ತು. ಒಂದಿಡೀ ತಿಂಗಳು ರಾಹುಲನ ಅಂಗೈ ಹೀಗೇ ಇತ್ತು.

ಅವಳು ಅದನ್ನು ಎರಡೂ ಕೈಯಿಂದ ಹಿಂದಿರುಗಿಸಿದಳು.