ಕರೆಯದೆ ಬರುವವರ ಕುರ್ಚಿ

ಷಿಕಾಗೋದ ಪೋಲಿಷ್ ಸಂಘದಲ್ಲಿ ಕ್ರಿಸ್‌ಮಸ್ ಹಿಂದಿನ ದಿನದ ಊಟ. ಉದ್ದನೆಯ ಮೇಜಿನ ಸುತ್ತ ದಾನಿಗಳು. ಒಂದು ಕುರ್ಚಿ ಮಾತ್ರ ಖಾಲಿ, ಅದರ ಮುಂದೆ ಒಂದು ತಟ್ಟೆ. ವಿದ್ಯಾರ್ಥಿವೇತನ ಪಡೆದು ಪೋಲೆಂಡಿನಿಂದ ಬಂದಿದ್ದ ಹಾಲಿನಾಳನ್ನು ಅಧ್ಯಕ್ಷೆ ವೇದಿಕೆಗೆ ಕರೆದರು.

"ಆ ಜಾಗ ಕರೆಯದೆ ಬರೋ ಅತಿಥಿಗೆ," ಎಂದಳು ಹುಡುಗಿ. "ಇವತ್ತು ಬಾಗಿಲಿಗೆ ಯಾರೇ ಬಂದ್ರೂ ಹಸಿದು ವಾಪಸ್ ಹೋಗ್ಬಾರ್ದು. ನಮ್ಮಜ್ಜಿ ಒಂದ್ಸಲ ದಾರೀಲಿ ಹೋಗ್ತಿದ್ದ ಕುಡುಕನ್ನೂ ಕೂರಿಸಿ ಬಡಿಸಿದ್ಲು."

ದಾನಿಗಳು ಕಣ್ಣೊರೆಸಿಕೊಂಡರು. ಪರಂಪರೆ ಉಳಿಸಲೆಂದು ಚೆಕ್ಕುಗಳು ಬಂದು ಬಿದ್ದವು.

ಪದ್ಧತಿಯಂತೆ ಬೆಳಗಿನಿಂದ ಉಪವಾಸವಿದ್ದ ಹಾಲಿನಾ ಕೆಳಗಿಳಿದು ಬಂದು ಆ ಕುರ್ಚಿಯನ್ನು ಎಳೆದುಕೊಂಡಳು.

ಅಧ್ಯಕ್ಷೆ ಮೆಲ್ಲನೆ ಅವಳ ಕೈ ಹಿಡಿದರು.

"ಎಷ್ಟು ಚೆನ್ನಾಗಿ ಮಾತಾಡಿದೆ ಕಂದಾ! ಅಲ್ಲಿ ಮಾತ್ರ ಕೂರಬೇಡ, ಫೋಟೋದಲ್ಲಿ ಅದು ಖಾಲಿ ಕಾಣ್ಬೇಕು. ನಿನ್ನ ಕೋಟು ಬಾಗಿಲ ಹತ್ರ ಇದೆ."