ಬೆಂಚಿನ ಮೇಲಿದ್ದ ಕರಡಿಗೆ

ಶಾಂತರಾಜು ಎರಡೂ ಕೈಯಲ್ಲಿ ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದ. ಟವೆಲಿನ ಮೇಲೆ ಗುರುಮಲ್ಲಮ್ಮನ ಗಂಡನ ಬೆಳ್ಳಿ ಕರಡಿಗೆ, ಶಿವದಾರ ಸಮೇತ. ಅದರೊಳಗಿನ ಲಿಂಗವನ್ನು ಮಲ್ಲಿಕಾರ್ಜುನಸ್ವಾಮಿ ದೀಕ್ಷೆಯಾದ ದಿನದಿಂದ ಇವತ್ತಿನವರೆಗೆ, ನಲವತ್ತೆಂಟು ವರ್ಷ, ಕೊರಳಿನಿಂದ ಇಳಿಸಿದವರಲ್ಲ. ಗುರುಮಲ್ಲಮ್ಮ ಕೈಚಾಚಿ ಅದನ್ನು ಎತ್ತಿಕೊಂಡಳು.

"ಅವ್ರೆಲ್ಲಿ?" ಎಂದಳು.

"ಗೊತ್ತಿಲ್ಲ ಕಣಕ್ಕ. ಕೆರೆ ಸುತ್ತ ವಾಕ್ ಮಾಡ್ತಿದ್ದೆ. ಮೆಟ್ಲತಾವು ಬೆಂಚ್ ಮೇಲೆ ಅಣ್ಣನ ಶರ್ಟು, ಪಂಚೆ, ಫೋನು ಇತ್ತು. ಶರ್ಟಿನ ಅಡೀಲಿ ಇದು. ಎಷ್ಟು ಕೂಗುದ್ರೂ ಓ ಅನ್ನೋರಿಲ್ಲ. ನೀರು ನೋಡುದ್ರೆ ತಣ್ಣಗದೆ."

ಶಾಂತರಾಜು ಅರಿಸಿನದ ಮಂಡಿಯಲ್ಲಿ ಅವರ ಪಕ್ಕದ ಅಂಗಡಿಯವನು, ತಾನೂ ಲಿಂಗ ಕಟ್ಟಿದವನು. ಲಿಂಗ ಮೈಬಿಟ್ಟು ಮನೆಗೆ ಬಂದರೆ ಏನರ್ಥವೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೋದ ತಿಂಗಳು ಸೊಂಟನೋವಿಗೆ ಸ್ಕ್ಯಾನ್ ಮಾಡಿಸಲು ಹೋಗಿದ್ದಾಗ, ಕೊರಳಲ್ಲಿರುವುದನ್ನು ತೆಗೆದಿಡಿ ಎಂದ ನರ್ಸಿಗೆ "ಪ್ರಾಣ ತೆಗೆದಿಡು ಅಂತೀಯಲ್ಲ ತಾಯಿ" ಎಂದು ಹೇಳಿ, ಸ್ಕ್ಯಾನೂ ಬೇಡ ಏನೂ ಬೇಡ ಎಂದು ಎದ್ದು ಬಂದ ಆಸಾಮಿ ಮಲ್ಲಿಕಾರ್ಜುನಸ್ವಾಮಿ. ಅಂಥವರು ತಾವಾಗಿ ಅದನ್ನು ಬಿಚ್ಚಿಟ್ಟು ನೀರಾಟಕ್ಕೆ ಇಳಿದಾರೆಯೇ? ಅದೂ ಈಜೇ ಬಾರದವರು? ಸತ್ತವರನ್ನು ಮಣ್ಣಿಗಿಡುವಾಗ ಅಂಗೈಗೆ ಕೊಡುವ ಲಿಂಗ ಈಗಲೇ ಗುರುಮಲ್ಲಮ್ಮನ ಅಂಗೈಗೆ ಬಂದು ಕೂತಿತ್ತು. ಬಾಗಿಲಿಗೆ ಚಿಲಕ ಹಾಕುವುದನ್ನೂ ಮರೆತು, ಶಾಂತರಾಜು ಕಾಯಿಸಿ ನಿಲ್ಲಿಸಿದ್ದ ಆಟೋ ಹತ್ತಿದಳು.

ಏಪ್ರಿಲ್ ತಿಂಗಳ ಸಂಜೆ ಐದೂವರೆ. ಹಗಲೆಲ್ಲ ಸುಟ್ಟ ಬಿಸಿಲು ಇಳಿದದ್ದೇ ತಡ, ಇಡೀ ಚಾಮರಾಜನಗರ ಬಯಲಿಗೆ ಬಂದಿತ್ತು. ಮಕ್ಕಳು ಕಾಲಿಗೆ ಸ್ಕೇಟ್ಸ್ ಕಟ್ಟಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಬ್ಯಾಂಕಿನ ಗಂಡಸರು ಬೀದಿಗೆ ಅಡ್ಡ ನೆಟ್ ಕಟ್ಟಿ ಶಟಲ್ ಆಡುತ್ತಿದ್ದರು. ಕಲ್ಲಂಗಡಿ ಗಾಡಿಯ ಸುತ್ತ ಜನವೋ ಜನ. ಕೆರೆ ಏರಿಯ ವಾಕಿಂಗ್ ದಾರಿಯಲ್ಲಿ ಸೀರೆಯ ಕೆಳಗೆ ಬೂಟು ಹಾಕಿಕೊಂಡ ನಾಲ್ಕೈದು ಹೆಂಗಸರು ಕೈ ಬೀಸಿಕೊಂಡು, ನಗುತ್ತ ಹೋಗುತ್ತಿದ್ದರು. ಮುಂದಿದ್ದವಳು ಪಕ್ಕದ ಮನೆಯ ನಾಗಮಣಿ. ಯುಗಾದಿ ಕಳೆದಾಗಿನಿಂದ ಅವಳು ದಿನಾ ಬಂದು ಕರೆಯುತ್ತಿದ್ದಳು. "ಹೆಂಗಸ್ರು ಬೀದೀಲಿ ಕೈ ಬೀಸ್ಕಂಡು ತಿರ್ಗೋದು ನಮ್ಮನೇಲಿಲ್ಲ" ಎಂದು ಗಂಡ ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದ್ದರು.

ನಾಳೆಯಿಂದ ನಾನೂ ಹೋಗಬಹುದು.

ಯಾರೋ ಕಿವಿಯಲ್ಲಿ ಹೇಳಿದಂತಿತ್ತು. ಯಾರೂ ಹೇಳಿರಲಿಲ್ಲ, ತನ್ನದೇ ಮನಸ್ಸು. ಗುರುಮಲ್ಲಮ್ಮ ಬೆಚ್ಚಿಬಿದ್ದಳು. ಥೂ, ಇದೆಂಥ ಪಾಪಿ ಮನಸ್ಸು ಶಿವನೇ. ಮೂವತ್ತೊಂದು ವರ್ಷ ಜೊತೆಗೆ ಬಾಳಿದ ಗಂಡ ನೀರುಪಾಲಾಗಿದ್ದಾನೆ, ಇನ್ನೂ ಹೆಣ ಸಿಕ್ಕಿಲ್ಲ, ಆಗಲೇ ಇದಕ್ಕೆ ಬೂಟಿನ ಚಿಂತೆ! ಬೈದಷ್ಟೂ ಅದು ತೆಪ್ಪಗಾಗಲಿಲ್ಲ. ಬಿಳೀದು ಬೇಡ, ಬೇಗ ಕೊಳೆಯಾಗುತ್ತೆ, ಕರೀದೇ ತಗೋ, ಎಂದಿತು. ಪಕ್ಕದಲ್ಲಿ ಶಾಂತರಾಜು ಅಂಗಿಯ ತೋಳಿನಲ್ಲಿ ಕಣ್ಣು, ಮೂಗು ಒರೆಸಿಕೊಳ್ಳುತ್ತಿದ್ದ. ಅವಳು ಕರಡಿಗೆಯನ್ನು ಎದೆಗೆ ಒತ್ತಿಕೊಂಡು ತನ್ನ ಮನಸ್ಸಿಗೆ ತಾನೇ ಹೆದರಿ ಕೂತಳು.

ಕೆರೆಯ ಮೆಟ್ಟಿಲಿಗೆ ಬಂದು ನೋಡಿದರೆ, ನೀರಿನ ನಡುವಿನ ಮಂಟಪದ ಮರೆಯಿಂದ ಒಂದು ಮೈ ಮೆಲ್ಲಗೆ ತೇಲಿಕೊಂಡು ಬರುತ್ತಿತ್ತು. ಹೊಟ್ಟೆ ಮೇಲಾಗಿ, ಕೈಕಾಲು ಅಗಲಿಸಿ, ಅಲುಗಾಟವೇ ಇಲ್ಲದೆ. ಬೋಳುತಲೆ ನೋಡಿಯೇ ಗುರುತು ಸಿಕ್ಕಿತು. ಶಾಂತರಾಜು ಮೆಟ್ಟಿಲ ಮೇಲೆ ಕುಸಿದ. ಗುರುಮಲ್ಲಮ್ಮ ಕಲ್ಲಾಗಿ ನಿಂತಳು.

ಹೆಣ ಕೈ ಎತ್ತಿತು.

"ಶಾಂತರಾಜು, ನೋಡ್ಲಾ ಇಲ್ಲಿ," ಎಂದಿತು. "ಬೆನ್ನಿಗೆ ಖಾಲಿ ಕ್ಯಾನ್ ಕಟ್ಕಳ್ದೇನೇ ತೇಲ್ತಾ ಇವ್ನಿ."

ಸೊಂಟನೋವಿಗೆ ಈಜು ಒಳ್ಳೆಯದೆಂದು ಯಾರೋ ಹೇಳಿದ್ದರಂತೆ. ಇಪ್ಪತ್ತು ದಿನದಿಂದ, ಈ ವಯಸ್ಸಿನಲ್ಲಿ ಜನ ನಕ್ಕಾರೆಂದು, ಮಂಟಪದ ಹಿಂದೆ ಕದ್ದು ಕಲಿಯುತ್ತಿದ್ದರಂತೆ. ಮಲ್ಲಿಕಾರ್ಜುನಸ್ವಾಮಿ ನೀರು ಸುರಿಸಿಕೊಂಡು ಮೆಟ್ಟಿಲೇರಿ ಬಂದರು. ಮುಖವೆಲ್ಲ ಹಿಗ್ಗು. ಹೆಂಡತಿಯ ಕೈಯಲ್ಲಿದ್ದ ಕರಡಿಗೆ ಕಂಡದ್ದೇ ಹಿಗ್ಗು ಅರ್ಧಕ್ಕೆ ಇಳಿಯಿತು.

"ಇವತ್ತು ಕ್ಯಾನ್ ಬುಟ್ಟು ಇಳ್ದೆ ಕಣಮ್ಮಿ. ಲಿಂಗ ನೀರಲ್ಲಿ ಜಾರ್‌ಬುಟ್ರೆ ಏನ್ ಗತಿ ಅಂತ, ಮೊದುಲ್ನೇ ಸಲ ಬಿಚ್ಚಿಟ್ಟೆ. ಕಿವಿ ನೀರೊಳಗಿತ್ತು, ಇವ್ನು ಕೂಗಿದ್ದು ಕೇಳ್ನಿಲ್ಲ." ಕರಡಿಗೆಯನ್ನು ಕಣ್ಣಿಗೊತ್ತಿ ಕೊರಳಿಗೆ ಹಾಕಿಕೊಂಡರು. "ನಾನು ಹೋಗೇಬುಟ್ಟೆ ಅಂದ್ಕಂಡಾ?"

ಗುರುಮಲ್ಲಮ್ಮ ಗಂಡನ ಮುಖ ನೋಡಿದಳು, ಮೆಟ್ಟಿಲ ಮೇಲೆ ಕೂತಳು, ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು. ವಾಕಿಂಗ್ ಜನ ನಿಂತು ನೋಡಿದರು. ಮಲ್ಲಿಕಾರ್ಜುನಸ್ವಾಮಿ ಅಷ್ಟು ಜನರೆದುರು, ಮದುವೆಯಾದ ಮೇಲೆ ಮೊದಲ ಬಾರಿಗೆ, ಅವಳ ಹೆಗಲ ಮೇಲೆ ಕೈಯಿಟ್ಟರು.

"ಹೋಗ್ಲಿ ಬುಡಮ್ಮಿ, ಬದುಕಿವ್ನಲ್ಲ. ನೋಡ್ಲಾ ಶಾಂತರಾಜು, ನನ್ ಮೇಲೆ ಎಷ್ಟು ಜೀವ ಮಡಿಕಂಡವ್ಳೆ."

ಶಾಂತರಾಜು ಇನ್ನೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದ. "ಅದೇ ಅಣ್ಣ ನಂಗೂ ಗೊತ್ತಾಯ್ತಿಲ್ಲ," ಎಂದ. "ನೀವು ಸತ್ತೋದ್ರಿ ಅಂತ ಬರೋವಾಗ ಅಕ್ಕ ಒಂದ್ ತೊಟ್ಟು ಕಣ್ಣೀರಾಕ್ನಿಲ್ಲ. ಬದುಕಿದ್ದೀರಿ ಅಂತ ಗೊತ್ತಾದ್ಮೇಲೆ ಅಳ್ತಾವ್ರೆ."